‘ಬಯಾಸ್ ಹೆಚ್ಚಿಸಿ’ ಅಂದರೆ ಏನನ್ನು ಹೆಚ್ಚಿಸಬೇಕು? ಗಿಟಾರ್ ಆಂಪ್‌ನ ಪವರ್ ಟ್ಯೂಬ್ ಪದಗಳು

ಪ್ರಶ್ನೆ:

ಗಿಟಾರ್ ಆಂಪ್ಲಿಫೈಯರ್‌ಗೆ ಪವರ್ ಟ್ಯೂಬ್ ಆರಿಸಿ ಕೂರಿಸುವ ಬಗ್ಗೆ, ರಿಪೇರಿ ಕಲಿಯುವವರಿಗಾಗಿ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಸಿದ್ಧವಾಗುತ್ತಿದೆ. ಉದಾಹರಣೆಗೆ ತೆಗೆದುಕೊಂಡಿರುವ ಆಂಪ್‌ನಲ್ಲಿ ಎರಡು ಇಎಲ್34 ಟ್ಯೂಬುಗಳಿವೆ. ಅವುಗಳ ಬದಲು 6ಎಲ್6ಜಿಸಿ ಹಾಕುವುದನ್ನೂ ವಿವರಿಸಬೇಕಾಗಿದೆ. ಕರಡಿನ ಸಾಲುಗಳು ಹೀಗಿವೆ: “ಇದು ಸ್ಥಿರ ಬಯಾಸ್ ಇರುವ ಆಂಪ್. ಪ್ರತಿ ಟ್ಯೂಬಿನ ಸಾಮರ್ಥ್ಯ 25 ವ್ಯಾಟ್. ಟ್ಯೂಬ್ ಕೆಂಪಗೆ ಉರಿಯುತ್ತಿದ್ದರೆ ಬಯಾಸ್ ಹೆಚ್ಚಿಸಿ.” ನಿಘಂಟು ನೋಡಿದರೆ ಬಯಾಸ್‌ಗೆ ಪಕ್ಷಪಾತ, ಪೂರ್ವಗ್ರಹ ಎಂದಿದೆ, ಇಲ್ಲಿ ಅವು ಹೊಂದುವುದಿಲ್ಲ. ಬೇರೆ ಪದ ಉಂಟೇ? ಮ್ಯಾಚ್ಡ್ ಪೇರ್‌ಗೆ ‘ಸರಿಜೋಡಿ’ ಆದೀತೇ? ಟ್ಯೂಬ್ ಎನ್ನಬೇಕೋ ವಾಲ್ವ್ ಎನ್ನಬೇಕೋ? ಬಲ್ಲವರು ತಿಳಿಸಿ.

ಉತ್ತರ 1:

ನಿಮ್ಮ ಮೂರನೆಯ ಸಾಲಿನಿಂದಲೇ ಶುರು ಮಾಡುತ್ತೇನೆ, ಅದನ್ನು ಓದಿ ಯಾರಾದರೂ ಟ್ಯೂಬ್ ಸುಟ್ಟುಕೊಳ್ಳುವ ಸಾಧ್ಯತೆ ಇದೆ.

ಕಂಟ್ರೋಲ್ ಗ್ರಿಡ್‌ಗೆ, ಅಂದರೆ ಟ್ಯೂಬಿನ ಕರೆಂಟನ್ನು ಹಿಡಿತದಲ್ಲಿಡುವ ಜಾಲರಿಗೆ (ಈ ಎರಡು ಬಗೆಯ ಟ್ಯೂಬುಗಳಲ್ಲೂ 5ನೇ ಪಿನ್), ಕೊಡುವ ಮೈನಸ್ ವೋಲ್ಟೇಜೇ ಬಯಾಸ್. ಮೈನಸ್ 36 ವೋಲ್ಟ್ ಇದ್ದದ್ದನ್ನು ಮೈನಸ್ 42 ಮಾಡಿದರೆ ಟ್ಯೂಬಿನಲ್ಲಿ ಹರಿಯುವ ಕರೆಂಟ್ ಇಳಿಯುತ್ತದೆ. ಈಗ ನಾವು ಮಾಡಿದ್ದು ಬಯಾಸ್ ಹೆಚ್ಚಿಸಿದ್ದೋ ಇಳಿಸಿದ್ದೋ? ಸರ್ಕ್ಯೂಟ್ ಪುಸ್ತಕ ಓದಿದವರು ಹೆಚ್ಚಿಸಿದ್ದು ಎನ್ನುತ್ತಾರೆ. ಶಾಲೆಯ ಗಣಿತ ನೆನಪಿರುವವರು ಮೈನಸ್ 42 ಎಂಬುದು ಮೈನಸ್ 36ಕ್ಕಿಂತ ಚಿಕ್ಕದು, ಆದ್ದರಿಂದ ಇಳಿಸಿದ್ದು ಎನ್ನುತ್ತಾರೆ. ರಿಪೇರಿ ಮೇಜಿನ ಮಾತಿನಲ್ಲಂತೂ ‘ಬಯಾಸ್ ಏರಿಸು’ ಅಂದರೆ ಬಹುಮಟ್ಟಿಗೆ ಕರೆಂಟ್ ಏರಿಸು ಎಂದೇ ಅರ್ಥ. ಮೊದಲೇ ಕೆಂಪಾಗಿರುವ ಟ್ಯೂಬಿಗೆ ಇನ್ನಷ್ಟು ಕರೆಂಟ್ ಕೊಟ್ಟಾಗ ಫ್ಯೂಸ್ ಹಾರಿದರೆ ಪುಣ್ಯ, ಹಾರದಿದ್ದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ಗೇ ಕುತ್ತು.

ಬಯಾಸ್ ಎಂಬ ಪದವನ್ನು ಹಾಗೇ ಇಟ್ಟುಕೊಳ್ಳಿ, ಹೊಸದು ಬೇಡ. ಆದರೆ ಅದರ ಮುಂದೆ ಹೆಚ್ಚಿಸು, ಇಳಿಸು ಎಂಬ ಕ್ರಿಯಾಪದಗಳನ್ನು ಹಾಕಬೇಡಿ. ಅವನ್ನು ಐಡಲ್ ಕರೆಂಟ್‌ಗೆ ಕೊಡಿ. ಗಿಟಾರ್ ನುಡಿಸದೆ ಆಂಪ್ ಸುಮ್ಮನಿರುವಾಗ ಟ್ಯೂಬಿನಲ್ಲಿ ಹರಿಯುವ ಕರೆಂಟ್ ಅದು. ‘ಐಡಲ್ ಕರೆಂಟ್ 38 ಮಿಲಿಆಂಪಿಯರ್‌ಗೆ ಇಳಿಸಿ’ ಎಂದು ಬರೆದರೆ ಎರಡನೆಯ ಅರ್ಥಕ್ಕೆ ಜಾಗವೇ ಇಲ್ಲ, ಮೀಟರಿನಲ್ಲಿ ಕಾಣುವುದೂ ಅದೇ.

ಆ 38 ಎಲ್ಲಿಂದ ಬಂತು ಎಂಬುದು ನಿಮ್ಮ ಎರಡನೆಯ ಸಾಲಿನ ವಿಷಯ. ಇಎಲ್34ರ 25 ವ್ಯಾಟ್ ‘ಸಾಮರ್ಥ್ಯ’ ಅಲ್ಲ. ಅದು ಪ್ಲೇಟ್ (ಟ್ಯೂಬಿನೊಳಗೆ ಎಲೆಕ್ಟ್ರಾನುಗಳು ಬಂದು ಸೇರುವ ಲೋಹದ ಹೊದಿಕೆ) ತಾಳಬಲ್ಲ ಶಾಖದ ಮಿತಿ, ಸ್ಪೀಕರಿಗೆ ಹೋಗುವ ವ್ಯಾಟ್‌ಗೂ ಅದಕ್ಕೂ ನೇರ ಸಂಬಂಧವಿಲ್ಲ. ಸಾಮರ್ಥ್ಯ ಎಂದು ಓದಿದವನು 42 ವ್ಯಾಟಿನ ಕೆಟಿ88 ಹಾಕಿದರೆ ಸದ್ದು ಜಾಸ್ತಿಯಾದೀತು ಅಂದುಕೊಳ್ಳುತ್ತಾನೆ. ಸದ್ದಿನ ಮಿತಿ ಇರುವುದು ಪವರ್ ಸಪ್ಲೈ ಮತ್ತು ಟ್ರಾನ್ಸ್‌ಫಾರ್ಮರ್‌ಗಳಲ್ಲಿ. ‘ಪ್ಲೇಟಿನ ಶಾಖಮಿತಿ’ ಎಂದು ಬರೆಯಿರಿ. ಇಎಲ್34ಕ್ಕೆ 25 ವ್ಯಾಟ್, 6ಎಲ್6ಜಿಸಿಗೆ 30, 6ವಿ6ಜಿಟಿಗೆ 12, ಇಎಲ್84ಕ್ಕೂ 12.

ಎರಡು ಬದಿಯ ಟ್ಯೂಬುಗಳು ಸರದಿಯಂತೆ ದುಡಿಯುವ ಕ್ಲಾಸ್ ಎಬಿ ಆಂಪ್‌ನಲ್ಲಿ ಈ ಮಿತಿಯ ಶೇ. 70ನ್ನು ದಾಟದಂತೆ ಐಡಲ್ ಇಡುವುದು ರೂಢಿ. ಪ್ಲೇಟ್ ವೋಲ್ಟೇಜ್ 460 ಇದ್ದರೆ ಇಎಲ್34ಕ್ಕೆ 17.5 ವ್ಯಾಟ್ ಭಾಗಿಸು 460, ಅಂದರೆ 38 ಮಿಲಿಆಂಪಿಯರ್. ಅದೇ ವೋಲ್ಟೇಜಿನಲ್ಲಿ 6ಎಲ್6ಜಿಸಿಗೆ 21 ಭಾಗಿಸು 460, ಸುಮಾರು 45. ಅಳೆಯಲು 8ನೇ ಪಿನ್ನಿಗೂ (ಕ್ಯಾಥೋಡ್, ಅಂದರೆ ಎಲೆಕ್ಟ್ರಾನುಗಳು ಹೊರಡುವ ಭಾಗ) ಚಾಸಿಗೂ ನಡುವೆ 1 ಓಮ್‌ನ ರೆಸಿಸ್ಟರ್ ಇರಬೇಕು. ಅದರ ಮೇಲೆ ಕಾಣುವ ಒಂದೊಂದು ಮಿಲಿವೋಲ್ಟೂ ಒಂದು ಮಿಲಿಆಂಪಿಯರ್. ಇದರಲ್ಲಿ ಸ್ಕ್ರೀನ್ ಗ್ರಿಡ್ಡಿನ (ಪ್ಲೇಟಿಗಿಂತ ಮೊದಲು ಸಿಗುವ ಇನ್ನೊಂದು ಜಾಲರಿ) ಕೆಲವು ಮಿಲಿಆಂಪಿಯರ್ ಕೂಡ ಸೇರಿರುತ್ತದೆ, ಹಾಗಾಗಿ ಓದಿದ ಅಂಕಿಗಿಂತ ಪ್ಲೇಟ್ ಕರೆಂಟ್ ತುಸು ಕಡಿಮೆಯೇ. ಆ ತಪ್ಪು ಟ್ಯೂಬನ್ನು ಕಾಯುವ ಕಡೆಗಿರುವುದರಿಂದ ಕಲಿಯುವವರು ಅದನ್ನು ಹಾಗೇ ಬಿಡಬಹುದು.

ಕ್ರಮವನ್ನು ಕೈಪಿಡಿಯಲ್ಲಿ ಬಿಡಿಸಿ ಹೇಳಿ. ಸ್ಪೀಕರ್ ಜೋಡಿಸದೆ ಆಂಪ್ ಆನ್ ಮಾಡಬಾರದು. ವಾಲ್ಯೂಮ್ ಸೊನ್ನೆಯಲ್ಲಿರಲಿ. ಹೊಸ ಟ್ಯೂಬ್ ಹಾಕುವ ಮೊದಲೇ ಟ್ರಿಮ್‌ಪಾಟನ್ನು (ಬಯಾಸ್ ಹೊಂದಿಸುವ ಸಣ್ಣ ತಿರುಪು) ಕರೆಂಟ್ ಅತಿ ಕಡಿಮೆಯಾಗುವ, ಅಂದರೆ ಮೈನಸ್ 36ರಿಂದ ಮೈನಸ್ 42ರ ಕಡೆಗೆ ಹೋಗುವ, ತುದಿಗೆ ತಿರುಗಿಸಿಡಬೇಕು. ಹತ್ತು ನಿಮಿಷ ಕಾಯ್ದ ಮೇಲೆ 3ನೇ ಪಿನ್ನಿನಲ್ಲಿ ಪ್ಲೇಟ್ ವೋಲ್ಟೇಜ್ ಅಳೆದು, ನಿಧಾನವಾಗಿ ಕರೆಂಟ್ ಏರಿಸುತ್ತಾ ಬರಬೇಕು. ಕರೆಂಟ್ ಏರಿದಂತೆ ಪ್ಲೇಟ್ ವೋಲ್ಟೇಜ್ ಕುಸಿಯುತ್ತದೆ, ಆದ್ದರಿಂದ ಭಾಗಾಕಾರ ಇನ್ನೊಮ್ಮೆ. ಸ್ವಿಚ್ ಆಫ್ ಮಾಡಿದ ಮೇಲೂ ಫಿಲ್ಟರ್ ಕೆಪಾಸಿಟರುಗಳಲ್ಲಿ ಪ್ರಾಣ ತೆಗೆಯುವಷ್ಟು ವೋಲ್ಟೇಜ್ ಉಳಿದಿರುತ್ತದೆ. ಈ ಮಾತು ಮೊದಲ ಪುಟದಲ್ಲೇ ಬರಲಿ.

‘ಸ್ಥಿರ ಬಯಾಸ್’ ಎಂಬುದೂ ದಾರಿ ತಪ್ಪಿಸುತ್ತದೆ. ಸ್ಥಿರ ಅಂದಮೇಲೆ ಮುಟ್ಟಬೇಕಾಗಿಲ್ಲ ಎಂದು ಓದುಗ ತಿಳಿಯುತ್ತಾನೆ. ನಿಜದಲ್ಲಿ ಟ್ಯೂಬ್ ಬದಲಿಸಿದಾಗೆಲ್ಲ ಹೊಂದಿಸಬೇಕಾದದ್ದು ಇದೇ. ಬಯಾಸ್ ಬೇರೊಂದು ಸಪ್ಲೈಯಿಂದ ಬರುತ್ತದೆ ಎಂಬುದಷ್ಟೇ ಆ ಇಂಗ್ಲಿಷ್ ಹೆಸರಿನ ತಾತ್ಪರ್ಯ. ‘ಪ್ರತ್ಯೇಕ ಸಪ್ಲೈ ಬಯಾಸ್’ ಅನ್ನಿ. ಇನ್ನೊಂದು ಬಗೆ ಕ್ಯಾಥೋಡ್ ಬಯಾಸ್: ಕ್ಯಾಥೋಡ್ ರೆಸಿಸ್ಟರಿನ ಮೂಲಕ ಹರಿಯುವ ಕರೆಂಟೇ ತನಗೆ ಬೇಕಾದ ವೋಲ್ಟೇಜನ್ನು ಉಂಟುಮಾಡಿಕೊಳ್ಳುತ್ತದೆ. ನಾಲ್ಕು ಇಎಲ್84 ಇರುವ ವಾಕ್ಸ್ ಎಸಿ30 ಆಂಪ್ ಈ ಜಾತಿಯದು.

ಇಎಲ್34 ತೆಗೆದು 6ಎಲ್6ಜಿಸಿ ಹಾಕುವಾಗ ಹೀಟರ್ (ಟ್ಯೂಬನ್ನು ಒಳಗಿನಿಂದ ಕಾಯಿಸುವ ತಂತಿ) ಬಗ್ಗೆ ಚಿಂತೆ ಇಲ್ಲ, 1.5 ಆಂಪಿಯರ್ ಬೇಕಿದ್ದಲ್ಲಿ 0.9 ಸಾಕಾಗುತ್ತದೆ. ಬಯಾಸ್ ಮಾತ್ರ ಮೊದಲಿನಿಂದ ಹೊಂದಿಸಬೇಕು, ಟ್ರಿಮ್‌ಪಾಟಿನ ವ್ಯಾಪ್ತಿ ಸಾಲದಿದ್ದರೆ ಅದರ ಜೊತೆಗಿನ ರೆಸಿಸ್ಟರ್ ಬದಲಿಸಬೇಕು. ತಿರುಗುಮುರುಗು, ಅಂದರೆ 6ಎಲ್6ಜಿಸಿ ತೆಗೆದು ಇಎಲ್34 ಹಾಕಲು, ಹೊರಟವರಿಗೆ ಎರಡು ಅಡ್ಡಿಗಳಿವೆ. ಎರಡು ಟ್ಯೂಬಿಗೆ ಸೇರಿ 1.2 ಆಂಪಿಯರ್ ಹೆಚ್ಚುವರಿ ಹೀಟರ್ ಕರೆಂಟನ್ನು ಪವರ್ ಟ್ರಾನ್ಸ್‌ಫಾರ್ಮರ್ ಕೊಡಬೇಕು. ಇಎಲ್34ರಲ್ಲಿ 1ನೇ ಪಿನ್ ಸಪ್ರೆಸರ್ ಗ್ರಿಡ್, ಅದನ್ನು 8ನೇ ಪಿನ್ನಿಗೆ ಸೇರಿಸಬೇಕು. 6ಎಲ್6ಜಿಸಿಯಲ್ಲಿ ಆ ಪಿನ್ ಖಾಲಿ. ಹಳೆಯ ಫೆಂಡರ್ ಆಂಪ್‌ಗಳಲ್ಲಿ ಆ ಖಾಲಿ ಜಾಗಕ್ಕೇ 1.5 ಕಿಲೋಓಮ್‌ನ ಗ್ರಿಡ್ ರೆಸಿಸ್ಟರನ್ನು ಕಟ್ಟಿರುತ್ತಾರೆ. ಅದನ್ನು ಸರಿಸದೆ ಇಎಲ್34 ಹಾಕುವಂತಿಲ್ಲ.

ವಾಲ್ವ್ ಬ್ರಿಟಿಷರ ಮಾತು, ಟ್ಯೂಬ್ ಅಮೆರಿಕದ್ದು. ಬೆಂಗಳೂರಿನ ಬಿಇಎಲ್ 1961ರಲ್ಲಿ ರೇಡಿಯೋ ವಾಲ್ವ್ ತಯಾರಿಕೆ ಆರಂಭಿಸಿದ್ದರಿಂದ ನಮ್ಮ ಹಳೆಯ ರೇಡಿಯೋ ರಿಪೇರಿಯವರ ಬಾಯಲ್ಲಿ ವಾಲ್ವ್ ಇದೆ. ಗಿಟಾರ್ ನುಡಿಸುವ ಹುಡುಗರು ಟ್ಯೂಬ್ ಎನ್ನುತ್ತಾರೆ. ಒಂದಕ್ಕೆ ಕುಕ್ಕರಿನ ನೆನಪು, ಇನ್ನೊಂದಕ್ಕೆ ಸೈಕಲ್ಲಿನ ನೆನಪು ಅಂಟಿಕೊಂಡೇ ಇದೆ, ಯಾವುದಾದರೂ ಆದೀತು.

ಉತ್ತರ 2:

ಮೇಲಿನವರು ‘ಕೆಂಪು’ ಎಂಬ ಮಾತನ್ನು ಬಿಟ್ಟರು. ‘ಟ್ಯೂಬ್ ಕೆಂಪಗೆ ಉರಿಯುತ್ತಿದೆ’ ಎಂದರೆ ಸಾಲದು. ಒಳಗಿನ ಹೀಟರ್ ಕಿತ್ತಳೆ ಬಣ್ಣಕ್ಕೆ ಹೊಳೆಯಲೇಬೇಕು. ಕೆಡುಕು ಇರುವುದು ಹೊರಗಿನ ಬೂದು ಲೋಹದ ಹೊದಿಕೆ, ಅಂದರೆ ಪ್ಲೇಟ್, ಕೆಂಪಾದಾಗ. ‘ಪ್ಲೇಟ್ ಕೆಂಪಾದರೆ’ ಎಂದೇ ಬರೆಯಿರಿ, ಮೊದಲ ಸೂಚನೆ ‘ತಕ್ಷಣ ಆಫ್ ಮಾಡಿ’ ಎಂದಿರಲಿ. ಗಾಜಿನ ಒಳಮೈಗೆ ಅಂಟಿದಂತಿರುವ ನೀಲಿ ಬೆಳಕು ನಿರಪಾಯ. ನೇರಳೆ ಮಿಶ್ರಿತ ಬೆಳಕು ಪ್ಲೇಟಿನ ಒಳಗೆಲ್ಲ ತುಂಬಿದ್ದರೆ ಗಾಳಿ ಸೇರಿದೆ ಎಂದು ಸಂಶಯಿಸಬೇಕು. ಗಾಜಿನ ಮೇಲಿನ ಬೆಳ್ಳಿ ಲೇಪ ಹಾಲಿನಂತೆ ಬೆಳ್ಳಗಾಗಿದ್ದರೆ ಸಂಶಯವೂ ಬೇಕಿಲ್ಲ, ಟ್ಯೂಬ್ ಕೆಟ್ಟಿದೆ.

‘ಸರಿಜೋಡಿ’ ಚೆನ್ನಾಗಿದೆ. ಆದರೆ ಯಾವುದರಲ್ಲಿ ಸರಿ ಎಂದು ಒಮ್ಮೆ ಹೇಳಿಬಿಡಿ. ಒಂದೇ ವೋಲ್ಟೇಜು, ಒಂದೇ ಬಯಾಸ್ ಕೊಟ್ಟಾಗ ಎರಡರ ಐಡಲ್ ಕರೆಂಟ್ ಹತ್ತಿರ ಹತ್ತಿರ ಇರುವುದು. ಒಂದೇ ಕಂಪನಿ, ಒಂದೇ ಡಬ್ಬ ಎಂದಲ್ಲ. 5 ಮಿಲಿಆಂಪಿಯರ್ ಒಳಗಿನ ವ್ಯತ್ಯಾಸ ಗಿಟಾರ್ ಆಂಪ್‌ಗೆ ನಡೆಯುತ್ತದೆ. ಅದಕ್ಕಿಂತ ಬಹಳ ಹೆಚ್ಚಾದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿ ಒಂದರ ಹಮ್ ಸದ್ದನ್ನು ಇನ್ನೊಂದು ಅಳಿಸುವುದು ಅರ್ಧಕ್ಕೇ ನಿಂತು ‘ಗುಂಯ್’ ಸದ್ದು ಉಳಿಯುತ್ತದೆ. ನಾಲ್ಕು ಟ್ಯೂಬುಗಳಿಗೆ ಸರಿಜೋಡಿ ಹೊಂದದು, ‘ನಾಲ್ಕರ ಸೆಟ್’ ಎಂದರೆ ಅಂಗಡಿಯವರಿಗೂ ತಿಳಿಯುತ್ತದೆ.

ಒಂದೇ ಟ್ಯೂಬಿನ ಪ್ಲೇಟ್ ಕೆಂಪಾಗುತ್ತಿದ್ದರೆ ಹೊಸ ಸರಿಜೋಡಿ ಕೊಳ್ಳುವ ಮೊದಲು ಎರಡನ್ನೂ ಅದಲುಬದಲು ಮಾಡಿ ನೋಡಲು ಹೇಳಿ. ಕೆಂಪು ಟ್ಯೂಬಿನ ಜೊತೆಗೇ ಹೋದರೆ ಟ್ಯೂಬ್ ಕೆಟ್ಟಿದೆ. ಅದೇ ಸಾಕೆಟ್ಟಿನಲ್ಲಿ ಉಳಿದರೆ ಆ ಬದಿಗೆ ಹಿಂದಿನ ಹಂತದಿಂದ ಸಿಗ್ನಲ್ ತರುವ ಕಪ್ಲಿಂಗ್ ಕೆಪಾಸಿಟರ್ ಸೋರುತ್ತಿದೆ, ಇಲ್ಲವೇ 5ನೇ ಪಿನ್ನಿಗೆ ಬಯಾಸ್ ತಲುಪುತ್ತಿಲ್ಲ. ಟ್ಯೂಬ್ ತೆಗೆದು ಆ ಪಿನ್ನಿನಲ್ಲಿ ಅಳೆದರೆ, ಇನ್ನೊಂದು ಸಾಕೆಟ್ಟಿನಲ್ಲಿರುವಷ್ಟೇ ಮೈನಸ್ ವೋಲ್ಟೇಜ್ ಅಲ್ಲೂ ಕಾಣಬೇಕು.