ಮನೇಲಿ ಮಾರ್ಗರಿಟಾ ಮಾಡೋದು ಹೇಗೆ? ಮೊದಲನೇ ಸಲ ಕೆಮ್ಮಿನ ಔಷಧಿ ಥರ ಬಂತು

ಮಿಡ್ಲ್‌ಬೆಂಚ್:
ಎಲ್ರಿಗೂ ನಮಸ್ಕಾರ. ಬರೋ ಶನಿವಾರ ನನ್ನ ಹೆಂಡ್ತಿ ಹುಟ್ಟಿದಬ್ಬ, ಒಟ್ಟು ಆರು ಜನ ಸೇರ್ತಿದೀವಿ. ಅವಳಿಗೆ ಮಾರ್ಗರಿಟಾ ಕಾಕ್‌ಟೇಲ್ ಅಂದ್ರೆ ಪ್ರಾಣ, ಆದ್ರೆ ಹೊರಗೆ ಹೋದಾಗೆಲ್ಲಾ ರೇಟ್ ನೋಡಿ ಒಂದೇ ತಗೊಂಡು ಸುಮ್ನಾಗ್ತಾಳೆ, ಅದಕ್ಕೆ ಈ ಸಲ ನಾನೇ ಮಾಡಿಕೊಡ್ಬೇಕು ಅಂತ ಆಸೆ. ಹೋದ ಭಾನುವಾರ ಟ್ರೈ ಮಾಡ್ದೆ. ಟಕೀಲಾ 60 ಎಂಎಲ್, ಬಾಟ್ಲಲ್ಲಿ ಬರುತ್ತಲ್ಲ ಆ ನಿಂಬೆ ಜ್ಯೂಸು 30, ಟ್ರಿಪಲ್ ಸೆಕ್ (ಕಿತ್ತಳೆ ಲಿಕರ್) ಇರ್ಲಿಲ್ಲ ಅಂತ ಸಕ್ಕರೆ ಪಾಕ, ಗ್ಲಾಸಿನ ಅಂಚಿಗೆಲ್ಲಾ ಪುಡಿ ಉಪ್ಪು. ಬಾಯಿಗಿಟ್ರೆ ಮೊದ್ಲು ಬರೀ ಉಪ್ಪು, ಆಮೇಲೆ ಕೆಮ್ಮಿನ ಔಷಧಿ. ಎಲ್ಲಿ ತಪ್ಪಾಯ್ತು? ಶೇಕರ್ ಗೀಕರ್ ಏನೂ ಇಲ್ಲ ಮನೇಲಿ.

ಐಸ್‌ಬಕೆಟ್:
ಗುರು, ಬೆಂಗ್ಳೂರಲ್ಲಿ 8 ವರ್ಷದಿಂದ ಬಾರ್ ಕೌಂಟರ್ ಹಿಂದೆ ನಿಂತಿದೀನಿ, ಮೊದ್ಲು ಆ ಬಾಟ್ಲಿ ಜ್ಯೂಸು ಪಕ್ಕಕ್ಕಿಡಿ. ಔಷಧಿ ಥರ ಬಂದಿದ್ದು ಅದ್ರಿಂದಾನೇ. ಮಾರ್ಗರಿಟಾದಲ್ಲಿ ಇರೋದೇ ಮೂರು ಐಟಂ, ಒಂದು ಕೆಟ್ರೂ ಮುಚ್ಚಿಡೋಕೆ ಜಾಗ ಇಲ್ಲ.

ಇಂಟರ್‌ನ್ಯಾಷನಲ್ ಬಾರ್‌ಟೆಂಡರ್ಸ್ ಅಸೋಸಿಯೇಷನ್ ಅಳತೆ ಹೇಳ್ತೀನಿ: ಟಕೀಲಾ 50 ಎಂಎಲ್, ಟ್ರಿಪಲ್ ಸೆಕ್ 20, ಆಗಷ್ಟೇ ಹಿಂಡಿದ ನಿಂಬೆರಸ 15. ಟಕೀಲಾ ಲೇಬಲ್ ಮೇಲೆ 100% ಅಗಾವೆ (ಟಕೀಲಾ ಮಾಡೋ ಕತ್ತಾಳೆ ಜಾತಿ ಗಿಡ) ಅಂತ ಇರ್ಬೇಕು. ಹಾಗೆ ಬರೆದಿಲ್ಲ ಅಂದ್ರೆ ಅದ್ರಲ್ಲಿ ಹುಳಿಸೋ ಸಕ್ಕರೆ 49% ತನಕ ಬೇರೆ ಮೂಲದ್ದು ಇರಬಹುದು. ಬಣ್ಣ ಇಲ್ಲದ ಬ್ಲಾಂಕೋ ಸಾಕು, ಮರದ ಪೀಪಾಯಿಲಿ ಹಳೇದು ಮಾಡಿರೋ ಕಾಸ್ಟ್ಲಿ ಅನ್ಯೇಹೋ ಇದಕ್ಕೆ ಸುರಿಬೇಡಿ. ಟ್ರಿಪಲ್ ಸೆಕ್ ಅಂದ್ರೆ ಕಿತ್ತಳೆ ಸಿಪ್ಪೆ ಲಿಕರ್, ಬರೀ ಸಕ್ಕರೆ ಪಾಕದಲ್ಲಿ ಆ ಸಿಪ್ಪೆ ಘಮ ಎಲ್ಲಿಂದ ಬರ್ಬೇಕು? ಬಜೆಟ್ ಇದ್ರೆ ಕ್ವಾಂಟ್ರೋ ಬ್ರ್ಯಾಂಡ್ ತಗೊಳ್ಳಿ, ಆಲ್ಕೋಹಾಲ್ 40% ಇರುತ್ತೆ. ಅಗ್ಗದ್ದರಲ್ಲಿ ಆಲ್ಕೋಹಾಲ್ ಕಮ್ಮಿ ಸಿಹಿ ಜಾಸ್ತಿ, ಅದಾದ್ರೆ ರಸ ಒಂಚೂರು ಏರಿಸಿ.

ಶೇಕರ್ ಬದ್ಲು ಮುಚ್ಚಳ ಟೈಟಾಗಿರೋ ಗಾಜಿನ ಜಾಡಿ ನಡಿಯುತ್ತೆ (ಉಪ್ಪಿನಕಾಯಿ ಹಾಕಿದ್ದ ಜಾಡಿ ಬೇಡ, ಎಷ್ಟು ತೊಳೆದ್ರೂ ಇಂಗಿನ ವಾಸನೆ ಹೋಗಲ್ಲ). ಜಾಡಿ ಮುಕ್ಕಾಲು ತುಂಬೋವಷ್ಟು ಐಸ್ ಹಾಕಿ 12-15 ಸೆಕೆಂಡು ಜೋರಾಗಿ ಅಲ್ಲಾಡ್ಸಿ, ಹೊರಗಡೆ ಮಂಜು ಕಟ್ಟಿ ಅಂಗೈ ಜೋಮು ಹಿಡಿಬೇಕು. ಐಸ್ ಕರಗಿ ಬರೋ ನೀರೂ ರೆಸಿಪಿ ಲೆಕ್ಕದಲ್ಲೇ ಇದೆ, ಅದಿಲ್ದಿದ್ರೆ ಗಂಟಲು ಉರಿಯುತ್ತೆ. ನಿಮ್ದು ಆಗಿದ್ದು ಇದೂ ಒಂದು ಇರ್ಬೇಕು.

ಉಪ್ಪು: ಕಲ್ಲುಪ್ಪನ್ನ ಕುಟ್ಟಾಣಿಲಿ ಎರಡೇ ಏಟು ಕುಟ್ಟಿ. ಗ್ಲಾಸಿನ ಹೊರಗಡೆ ಅಂಚಿಗೆ ನಿಂಬೆ ಹೋಳು ಉಜ್ಜಿ ಅರ್ಧ ಸುತ್ತಿಗೆ ಮಾತ್ರ ಉಪ್ಪು ಹತ್ಸಿ. ಉಪ್ಪು ಬೇಡ ಅನ್ನೋರು ಆ ಕಡೆಯಿಂದ ಕುಡೀತಾರೆ.

ಆಸ್ಟಿನ್_ಹುಡುಗಿ:
ನಾನು ಟೆಕ್ಸಾಸ್‌ನಲ್ಲಿರೋದು, ಇಲ್ಲಿ ಮಾರ್ಗರಿಟಾ ನಮ್ಮಲ್ಲಿ ಫಿಲ್ಟರ್ ಕಾಫಿ ಇದ್ದಂಗೆ. 1971ರಲ್ಲಿ ಡಾಲಸ್‌ನ ಮಾರಿಯಾನೋ ಮಾರ್ಟಿನೆಜ್ ಅನ್ನೋರು ಸಾಫ್ಟ್ ಐಸ್‌ಕ್ರೀಮ್ ಮೆಷಿನ್‌ನ ಬದಲಾಯಿಸಿ ಮೊದಲ ಫ್ರೋಜನ್ ಮಾರ್ಗರಿಟಾ ಮೆಷಿನ್ ಮಾಡಿದ್ರು, ಅದೀಗ ಸ್ಮಿತ್‌ಸೋನಿಯನ್ ಮ್ಯೂಸಿಯಂನಲ್ಲಿದೆ. ನನಗೆ ಮಾತ್ರ ಆ ಐಸ್ ಪುಡಿದಕ್ಕಿಂತ ಶೇಕ್ ಮಾಡಿದ್ದೇ ಇಷ್ಟ, ರುಚಿ ಗೊತ್ತಾಗುತ್ತೆ.

ನಾನು ಹೇಳ್ಬೇಕು ಅಂದಿದ್ದು ನಿಂಬೆ ವಿಷ್ಯ. ಇಲ್ಲಿ ಸೂಪರ್‌ಮಾರ್ಕೆಟಲ್ಲಿ ಲೈಮ್ ಅಂದ್ರೆ ದಪ್ಪ ಹಸಿರು ಪರ್ಷಿಯನ್ ಲೈಮ್, ಬೀಜ ಇರಲ್ಲ. ಒಂದಿನ ಮೆಕ್ಸಿಕನ್ ಅಂಗಡಿಲಿ ಸಣ್ಣ ಬಲೆ ಚೀಲದಲ್ಲಿ ಗೋಲಿ ಗಾತ್ರದ ಹಣ್ಣು ಕಾಣಿಸ್ತು, ತೆಳು ಸಿಪ್ಪೆ, ಅಲ್ಲಲ್ಲಿ ಹಳದಿ. ಉಗುರಲ್ಲಿ ಒಂಚೂರು ಗೀರಿ ಮೂಸಿದ್ರೆ ನಮ್ಮಜ್ಜಿ ಚಿತ್ರಾನ್ನಕ್ಕೆ ಹಿಂಡ್ತಿದ್ದ ನಿಂಬೆಹಣ್ಣಿನದೇ ವಾಸನೆ, ಅಲ್ಲೇ ನಿಂತ್ಬಿಟ್ಟೆ. ಆಮೇಲೆ ಗೊತ್ತಾಯ್ತು, ಮೆಕ್ಸಿಕನ್ ಲೈಮ್, ಕೀ ಲೈಮ್ ಅಂತ ಕರೆಯೋದು ನಮ್ಮ ಕಾಗದಿ ನಿಂಬೆ ಜಾತೀನೇ. ಏಷ್ಯಾದಿಂದ ಅರಬರ ಜತೆ ಪಶ್ಚಿಮಕ್ಕೆ ಹೋಗಿ, ಅಲ್ಲಿಂದ ಸ್ಪೇನ್‌ನವರು ಮೆಕ್ಸಿಕೋಗೆ ಒಯ್ದಿದ್ದು. ಆದ್ರಿಂದ ಇಂಪೋರ್ಟೆಡ್ ಲೈಮ್ ಅಂತ ದುಡ್ಡು ಕೊಡಬೇಡಿ, ನಿಮ್ಮ ಬೀದಿ ತಳ್ಳುಗಾಡಿಯಲ್ಲಿರೋದೇ ಸರಿಯಾದ ಹಣ್ಣು. ಆದ್ರೆ ಹುಳಿ ಜೋರು, ಅಮೆರಿಕದ ರೆಸಿಪಿಗಳಲ್ಲಿ 30 ಎಂಎಲ್ ಅಂದಿದ್ರೆ ಅದನ್ನ ಕಣ್ಮುಚ್ಕೊಂಡು ಹಾಕ್ಬೇಡಿ, 15ರಿಂದ ಶುರು ಮಾಡಿ ನಾಲಿಗೆ ಕೇಳಿ.

ಭೀಮಾತೀರ:
ಅಕ್ಕಾರ ಹೇಳಿದ್ದು ಖರೇ ಐತಿ. ನಮ್ಮದು ಇಂಡಿ ತಾಲೂಕ, ಮನಿ ಮುಂದ ಲಿಂಬಿ ತೋಟ. ಕುಡಿಯೂದು ನಂಗ ಗೊತ್ತಿಲ್ರಿ, ಹಣ್ಣಿನ ಮಾತ ಹೇಳ್ತೀನಿ. ಹಣ್ಣು ಕೈಯಾಗ ಹಿಡದ್ರ ಭಾರ ಅನಸಬೇಕು, ಸಿಪ್ಪಿ ತೆಳ್ಳಗ ನುಣುಪ ಇರಬೇಕು. ಒರಟ ಸಿಪ್ಪಿದು ನೋಡಾಕ ದೊಡ್ಡದು, ಒಳಗ ರಸ ಇರಂಗಿಲ್ಲ. ಫ್ರಿಜ್ಜಿನಿಂದ ತಗದು ಅರ್ಧ ತಾಸು ಹೊರಗ ಇಟ್ಟು, ಕಟ್ಟಿ ಮ್ಯಾಲ ಅಂಗೈಲೆ ಹೊಳ್ಳಾಡ್ಸಿ ಆಮ್ಯಾಲ ಕೊಯ್ರಿ. ಸಿಪ್ಪಿ ತಿರುವು ಮುರುವು ಆಗೂ ಹಂಗ ಹಿಂಡಬ್ಯಾಡ್ರಿ, ಕಹಿ ಇಳೀತದ. ಛಲೋ ಹಣ್ಣಿಗೆ ಹೆಚ್ಚು ಕಮ್ಮಿ 15 ಎಂಎಲ್ ಸಿಗತದ, ಆದ್ರ ಎರಡು ಮೂರು ಹೆಚ್ಚಿಗಿ ಇಟ್ಕೋರಿ.

ಮಿಡ್ಲ್‌ಬೆಂಚ್:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಆರು ಜನಕ್ಕೆ ಬೆಳಿಗ್ಗೇನೇ ಕಲಸಿ ಫ್ರಿಜ್ಜಲ್ಲಿಟ್ರೆ ಆಗುತ್ತಾ? ಮತ್ತೆ ಈ ಮಾರ್ಗರಿಟಾ ಯಾರು ಅಂತ ಹೆಂಡ್ತಿ ಕೇಳಿದ್ಲು.

ಐಸ್‌ಬಕೆಟ್:
ಟಕೀಲಾ 300, ಟ್ರಿಪಲ್ ಸೆಕ್ 120 ಬೆಳಿಗ್ಗೆ ಬೆರೆಸಿಡಿ, ಏನೂ ಆಗಲ್ಲ. ರಸ 90 ಮಾತ್ರ ಜನ ಬಾಗಿಲಿಗೆ ಬಂದ್ಮೇಲೆ ಹಿಂಡಿ. ಒಂದು ಸಲಕ್ಕೆ ಎರಡೆರಡೇ ಶೇಕ್ ಮಾಡಿ, ಜಾಡಿ ತುಂಬಿಬಿಟ್ರೆ ಐಸ್ ಅಲ್ಲಾಡಲ್ಲ. ಹೆಸರಿನ ಬಗ್ಗೆ, 1938ರಲ್ಲಿ ಮೆಕ್ಸಿಕೋದ ಟಿಹುವಾನಾ ಹತ್ರ ಡ್ಯಾನಿ ಹೆರೆರಾ ಮಾಡಿದ್ರು ಅಂತಾರೆ, 1948ರಲ್ಲಿ ಅಕಾಪುಲ್ಕೋದಲ್ಲಿ ಮಾರ್ಗರಿಟಾ ಸೇಮ್ಸ್ ಅಂತಾರೆ, ಒಬ್ಬೊಬ್ಬರದು ಒಂದೊಂದು ಕಥೆ. ನನಗೆ ನಂಬಿಕೆ ಬರೋದು ಇನ್ನೊಂದು: ಸ್ಪ್ಯಾನಿಷ್‌ನಲ್ಲಿ ಮಾರ್ಗರಿಟಾ ಅಂದ್ರೆ ಡೇಸಿ ಹೂವು, ಮದ್ಯ, ಹುಳಿ, ಸಿಹಿ ಸೇರ್ಸಿ ಮಾಡೋ ಡೇಸಿ ಅನ್ನೋ ಡ್ರಿಂಕ್ ಅದಕ್ಕಿಂತ ಹಳೇದು. ಅದಕ್ಕೇ ಟಕೀಲಾ ಹಾಕಿದ್ದು ಅಷ್ಟೆ.

ಮಿಡ್ಲ್‌ಬೆಂಚ್:
ಭಾನುವಾರ ಅಪ್‌ಡೇಟ್. 50-20-15 ಹಾಕಿ ಮೊದಲನೇದು ಅವಳ ಕೈಗೇ ಕೊಟ್ಟೆ. ಒಂದು ಗುಟುಕು ಕುಡಿದು ಗ್ಲಾಸ್ ಸ್ವಲ್ಪ ತಿರುಗ್ಸಿ ಉಪ್ಪಿರೋ ಕಡೆಯಿಂದ ಇನ್ನೊಂದು ಗುಟುಕು ಕುಡಿದು ‘ಇದು ಅದೇ ಕಣೋ’ ಅಂದ್ಲು. ಎರಡನೇ ರೌಂಡ್‌ಗೆ ರಸ 20 ಬೇಕು ಅಂತ ಅವಳೇ ನಿಂತು ಹಿಂಡಿದ್ಲು, ನಮ್ಮಿಬ್ರಿಗೂ ಅದೇ ಇಷ್ಟ ಆಯ್ತು. ಗಾಡಿ ಯಾರೂ ಓಡಿಸ್ಲಿಲ್ಲ, ನಾಲ್ಕೂ ಜನ ಹಾಲಲ್ಲೇ ಮಲಗಿದಾರೆ, ಉಳಿದ ಮೂರು ನಿಂಬೆಹಣ್ಣು ಈಗ ಚಿತ್ರಾನ್ನಕ್ಕೆ ಹೋಯ್ತು.