ಬಿಸಿಯೂಟದ ಎಂಜಲು ತಿನ್ನುವ ಹುಳುಗಳು ಡಬ್ಬದಿಂದ ಹೊರಬರುತ್ತಿವೆ, ಏನು ಮಾಡಬೇಕು?

ಪ್ರಶ್ನೆ (ವಿಜ್ಞಾನ ಶಿಕ್ಷಕಿ):
ನಮ್ಮ ಎಂಟನೆಯ ತರಗತಿಯ ಮಕ್ಕಳು ಬಿಸಿಯೂಟದಲ್ಲಿ ಉಳಿದ ಅನ್ನ, ಸಾಂಬಾರು ಮತ್ತು ತರಕಾರಿ ಸಿಪ್ಪೆಯನ್ನು ಗೊಬ್ಬರ ಮಾಡಲು ಕಪ್ಪು ಸೈನಿಕ ನೊಣದ ಮರಿಹುಳುಗಳನ್ನು ಸಾಕುತ್ತಿದ್ದಾರೆ. ಈಗ ಡಬ್ಬದ ತಳದಲ್ಲಿ ನೀರು ನಿಂತು ಹುಳಿ ವಾಸನೆ ಬರುತ್ತಿದೆ, ಹುಳುಗಳೂ ಅಂಚು ಹತ್ತುತ್ತಿವೆ. ನೊಣದಿಂದ ರೋಗ ಬರುವುದಿಲ್ಲವೇ ಎಂದು ಪೋಷಕರು ಕೇಳುತ್ತಿದ್ದಾರೆ.

ಉತ್ತರ 1:
ಸಾಂಬಾರನ್ನು ಸೋಸಿ ಹಾಕಿ, ತಳಕ್ಕೆ ರಂಧ್ರ ಕೊರೆಯಿಸಿ, ತೆಂಗಿನ ನಾರಿನ ಪುಡಿಯನ್ನೋ ಮರದ ಹೊಟ್ಟನ್ನೋ ಬೆರೆಸಿ. ಒಂದು ಹಿಡಿ ತೆಗೆದು ಹಿಂಡಿದರೆ ಒಂದೆರಡು ಹನಿಗಿಂತ ಹೆಚ್ಚು ಇಳಿಯಬಾರದು. ಹಿಂದಿನ ದಿನದ್ದು ಮುಗಿಯದೆ ಹೊಸದನ್ನು ಸುರಿಯಬೇಡಿ. ಮಕ್ಕಳ ಉತ್ಸಾಹವೇ ಇಲ್ಲಿ ದೊಡ್ಡ ತೊಡಕು!

ಉತ್ತರ 2:
ಹತ್ತುವ ಹುಳುಗಳ ಬಣ್ಣವನ್ನು ನೋಡಿ, ಮೇಡಂ. ಬಿಳಿಚಾಗಿದ್ದರೆ ಅವು ನೀರಿಗೋ ಬಿಸಿಗೋ ಹೆದರಿ ಓಡುತ್ತಿವೆ. ಕಡುಕಂದಾಗಿದ್ದರೆ ತಿನ್ನುವುದನ್ನು ನಿಲ್ಲಿಸಿ, ಕೋಶವಾಗಲು (ನೊಣವಾಗುವ ಮುಂಚಿನ ಹಂತಕ್ಕೆ ಹೋಗಲು) ಒಣ ಜಾಗ ಹುಡುಕುತ್ತಿವೆ. ಅಂಥವನ್ನು ಆರಿಸಿ ಕೋಳಿಗಳಿಗೆ ಹಾಕಬಹುದು. ಬೆಳೆದ ನೊಣ ಕಚ್ಚುವುದಿಲ್ಲ, ಮನೆನೊಣದಂತೆ ಊಟದ ಮೇಲೆ ಮುತ್ತುವುದೂ ಇಲ್ಲ. ಆದರೂ ಡಬ್ಬ ಮುಟ್ಟಿದ ಮಕ್ಕಳು ಸೋಪಿನಿಂದ ಕೈ ತೊಳೆಯಲೇಬೇಕು.

ಉತ್ತರ 3:
ಇರುವೆ ಬಾರದಂತೆ ಸ್ಟ್ಯಾಂಡಿನ ಕಾಲುಗಳನ್ನು ನೀರು ತುಂಬಿದ ಬಟ್ಟಲುಗಳಲ್ಲಿಡಿ. ಹುಳುಗಳು ಬಿಟ್ಟ ಹಿಕ್ಕೆಯನ್ನು ಕೆಲವು ವಾರ ಮಾಗಿಸಿದ ನಂತರವೇ ಗಿಡಗಳಿಗೆ ಹಾಕಿ; ಹಸಿಯಾಗಿ ಹಾಕಿದ ನನ್ನ ಟೊಮೆಟೊ ಸಸಿಗಳು ಸುಟ್ಟುಹೋಗಿದ್ದವು.