ಅಪ್‌ಡೇಟ್: ದಿನಕ್ಕೊಂದು ಕನ್ನಡ ಸಿನಿಮಾ, 60 ದಿನಗಳ ನಂತರ

ಕಚೇರಿ, ಮನೆ ಎರಡನ್ನೂ ನಿಭಾಯಿಸುತ್ತಾ 100 ದಿನ, ದಿನಕ್ಕೊಂದು ಕನ್ನಡ ಸಿನಿಮಾ ನೋಡಲು ಸಾಧ್ಯವೇ ಎಂದು ಎರಡು ತಿಂಗಳ ಹಿಂದೆ ಕೇಳಿದ್ದೆ. ನಿನ್ನೆಗೆ 60 ದಿನ ತುಂಬಿತು. ನೋಡಿದ್ದು 57. ತಪ್ಪಿದ ಮೂರು ದಿನವೂ ಅಮ್ಮನಿಗೆ ಜ್ವರವಿತ್ತು, ಅದಕ್ಕೆ ನನಗೆ ಬೇಸರವಿಲ್ಲ.

‘ರಾತ್ರಿ ಬೇಡ, ಬೆಳಿಗ್ಗೆ ನೋಡಿ’ ಎಂದವರಿಗೆ ಮನಸಾರೆ ವಂದನೆಗಳು. ಮೊದಲ ವಾರ ಊಟವಾದ ಮೇಲೆ ಕುಳಿತು ಅರ್ಧಕ್ಕೇ ತೂಕಡಿಸುತ್ತಿದ್ದೆ. ಈಗ ಐದಕ್ಕೆ ಏಳುತ್ತೇನೆ. ವಾರದ ಏಳು ಹೆಸರುಗಳನ್ನು ಭಾನುವಾರವೇ ಬರೆದಿಟ್ಟುಕೊಳ್ಳುತ್ತೇನೆ, ಹುಡುಕಾಟದಲ್ಲಿ ಹೊತ್ತು ಹೋಗುವುದಿಲ್ಲ.

ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಸ್ವರ್ಣಕಮಲ ಪಡೆದ ಕಪ್ಪು ಬಿಳುಪು ಚಿತ್ರ ಎಂದಷ್ಟೇ ತಿಳಿದಿದ್ದೆ. ಕೊನೆಯಲ್ಲಿ ತಲೆ ಬೋಳಿಸಿದ ವಿಧವೆ ಯಮುನಾ ಮರದಡಿ ಒಬ್ಬಳೇ ಕುಳಿತಿದ್ದಾಳೆ, ಪುಟ್ಟ ನಾಣಿ ಅಪ್ಪನೊಡನೆ ಹೊರಟಿದ್ದಾನೆ. ಒಲೆಯ ಮೇಲೆ ಹಾಲು ಉಕ್ಕಿ ಚೆಲ್ಲುವ ಸದ್ದು ಕೇಳಿದರೂ ನನಗೆ ಏಳಲಾಗಲಿಲ್ಲ. ಮರುದಿನ ಪಟ್ಟಿಯಲ್ಲಿದ್ದ ಚಿತ್ರವನ್ನು ಬದಿಗಿಟ್ಟು ಇದನ್ನೇ ಅಮ್ಮನ ಜೊತೆ ಮತ್ತೆ ನೋಡಿದೆ. (ಹೌದು, ಅದನ್ನೂ ಲೆಕ್ಕಕ್ಕೆ ಸೇರಿಸಿದ್ದೇನೆ. ಸೇರಿಸಲೇಬೇಕು.) ಮುಗಿದ ಮೇಲೆ ಅಮ್ಮ ತುಂಬ ಹೊತ್ತು ಸುಮ್ಮನಿದ್ದಳು. ಆಮೇಲೆ, ಕೆಂಪು ಸೀರೆಯ ಸೆರಗನ್ನು ತಲೆಗೆ ಹೊದ್ದು ಅಡುಗೆಮನೆಯಲ್ಲೇ ಬದುಕು ಸವೆಸಿದ ತನ್ನ ಅಜ್ಜಿಯ ಮಾತು ತೆಗೆದಳು. ಇಷ್ಟು ವರ್ಷಗಳಲ್ಲಿ ನನ್ನೆದುರು ಅದೇ ಮೊದಲು.

ಅಂದಿನಿಂದ ನಾವಿಬ್ಬರೂ ಸೇರಿ ನೋಡುತ್ತಿದ್ದೇವೆ. ನಾಳೆಗೆ ‘ತಬರನ ಕಥೆ’ (1986). ತೇಜಸ್ವಿಯವರ ಕಥೆಯನ್ನು ಅಮ್ಮ ಈಗಾಗಲೇ ಓದಿ ಮುಗಿಸಿದ್ದಾಳೆ.